ಹೆತ್ತೂರಿನ ಆಚೆ ಕಾಡಂಚಿನ ಮನೆಗೆ ಹೋಗ್ತಿದ್ದೇವೆ, ಅನುಭವ ಇರುವವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಕಲೇಶಪುರ ತಾಲ್ಲೂಕಿನ ಹೆತ್ತೂರಿನಿಂದ ಆಚೆ, ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ಹಂಚಿನ ಮನೆ, ನಾಲ್ಕು ಎಕರೆ ಕಾಫಿ ತೋಟ ನಮ್ಮ ಪಾಲಿಗೆ ಬಂತು. ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಮೇ ತಿಂಗಳಲ್ಲಿ ಅಲ್ಲಿಗೇ ಹೋಗೋಣ ಅಂತ ತೀರ್ಮಾನ ಮಾಡಿದ್ದೇವೆ. ಜೊತೆಗೆ 68 ವರ್ಷದ ಅತ್ತೆ, 5 ವರ್ಷದ ಮಗಳು, ಒಂದು ನಾಯಿ.

ಹೋದ ವಾರ ಮನೆ ತೊಳೆಯಲು ಹೋಗಿ ಒಂದು ರಾತ್ರಿ ಉಳಿದೆವು. ಅಂಗಳದಲ್ಲಿ ಆನೆ ಲದ್ದಿ ಬಿದ್ದಿತ್ತು. ಸೌದೆ ಕೋಣೆಯಲ್ಲಿ ಹಾವಿನ ಪೊರೆ. ರಾತ್ರಿ ಹತ್ತೂವರೆಗೆ ಯಾರೋ ಬಾಗಿಲು ತಟ್ಟಿದರು. ನಾವು ದೀಪ ಆರಿಸಿ ಉಸಿರು ಬಿಗಿ ಹಿಡಿದು ಕೂತೆವು. ಅವರು ಸ್ವಲ್ಪ ಹೊತ್ತು ನಿಂತು, ಏನೋ ಕೂಗಿ ಹೋದರು. ಮಳೆ ಜೋರಾಗಿದ್ದರಿಂದ ಏನು ಕೂಗಿದರು ಅಂತ ಕೇಳಿಸಲಿಲ್ಲ. ಹತ್ತಿರದ ಮನೆ ಅಂದರೆ ಮುಕ್ಕಾಲು ಕಿಲೋಮೀಟರ್. ಅತ್ತೆ ಮಾತ್ರ ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಗೊರಕೆ ಹೊಡೆದರು. ಅವರು ಅರಸೀಕೆರೆಯವರು!

ಪ್ರಾಣಿಗಳ ಜೊತೆ ಹೇಗೆ ಬದುಕುವುದು? ರಾತ್ರಿ ಬರುವ ಗುರುತಿಲ್ಲದವರಿಗೆ ಬಾಗಿಲು ತೆರೆಯಬೇಕಾ, ಬಾರದಾ? ಸುಮ್ನೆ ಹೆದರಿಸಬೇಡಿ. ಇರುವುದನ್ನು ಮುಚ್ಚಿಡಲೂ ಬೇಡಿ.

ಹಾನುಬಾಳು ಕಡೆಯಿಂದ

ನೋಡಿ ತಂಗಿ, ಮೊದಲು ನಾನೇ ಒಂದು ಪ್ರಶ್ನೆ ಕೇಳ್ತೀನಿ. ಮನೆ ಸುತ್ತ ಹಲಸಿನ ಮರ ಎಷ್ಟಿವೆ?

ಮೇ ತಿಂಗಳು ಅಂದ್ರಲ್ಲ, ಅದಕ್ಕೇ ಕೇಳಿದ್ದು. ಹಲಸು ಹಣ್ಣಾಗಿದೆ ಅಂತ ನಮಗೆ ಗೊತ್ತಾಗುವ ಮೊದಲೇ ಆನೆಗೆ ಗೊತ್ತಾಗಿರುತ್ತದೆ. ಮನೆ ಹತ್ತಿರದ ಮರಗಳ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡಿ. ಪಲ್ಯ ಮಾಡಿ, ಹಪ್ಪಳ ಮಾಡಿ, ಆಳುಗಳಿಗೆ ಕೊಡಿ, ಅರಸೀಕೆರೆ ನೆಂಟರಿಗೂ ಕಳಿಸಿ. ಒಂದನ್ನೂ ಮರದಲ್ಲಿ ಬಿಡಬೇಡಿ. ಹಿತ್ತಲಿನ ಬಾಳೆಯೂ ಹಾಗೇ. ಬೈನೆ ಮರ ಕಂಡರಂತೂ ಆನೆಗೆ ಹಬ್ಬ.

ನಾನು ಈ ಮನೆಗೆ ಸೊಸೆಯಾಗಿ ಬಂದು 31 ವರ್ಷ ಆಯಿತು. ಆಗೆಲ್ಲ ಆನೆ ಅಂದರೆ ವರ್ಷಕ್ಕೊಮ್ಮೆ ಬರುವ ನೆಂಟರ ಹಾಗೆ. ಗದ್ದೆಯಲ್ಲಿ ತೆನೆ ಬಿಟ್ಟಾಗ ಬರುತ್ತಿದ್ದವು. ಒಂದು ವಾರ ತಗಡು ಬಡಿದು, ಪಟಾಕಿ ಹೊಡೆದರೆ ಹೋಗುತ್ತಿದ್ದವು. ಈಗ ಅವು ತೋಟದಲ್ಲೇ ಇವೆ. ನೆರಳಿದೆ, ಕೆರೆಯಲ್ಲಿ ನೀರಿದೆ, ತಿನ್ನಲಿಕ್ಕಿದೆ, ಇನ್ಯಾಕೆ ಹೋಗ್ತವೆ? ನಮ್ಮ ಪಕ್ಕದ ತೋಟದಲ್ಲಿ ಮರಿಯೂ ಹಾಕಿತು. ಆನೆಗಳ ವಿಷಯ ಹೈಕೋರ್ಟಿಗೆ ಹೋಗಿ, ಕೋರ್ಟ್ ಹೇಳಿದ ಮೇಲೆ ರಚಿಸಿದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆಲೂರು, ಸಕಲೇಶಪುರದ ಆನೆಗಳನ್ನು ಹಿಡಿದು ಬೇರೆಡೆ ಸಾಗಿಸಿ ಅಂತ ಅದರಲ್ಲಿತ್ತು. ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಆಹಾ, ನೆಮ್ಮದಿ ಆಯ್ತು ಅಂದುಕೊಂಡೆವು. ಆಮೇಲೆ ಬೇರೆ ಆನೆಗಳು ಬಂದವು. ಖಾಲಿ ಮನೆಗೆ ಬಾಡಿಗೆದಾರರು ಬಾರದೇ ಇರ್ತಾರಾ? 2023ರ ಎಣಿಕೆಯಲ್ಲಿ ರಾಜ್ಯದಲ್ಲಿ 6,395 ಆನೆ ಅಂತ ಲೆಕ್ಕ ಬಂತು. ದೇಶದಲ್ಲೇ ಜಾಸ್ತಿ ನಮ್ಮಲ್ಲೇ ಇರೋದು.

ಹಾಗಾಗಿ ಓಡಿಸುವ ಯೋಚನೆ ಬಿಡಿ. ಈ ಹೊತ್ತು ಅದು ಎಲ್ಲಿದೆ ಅಂತ ತಿಳಿದುಕೊಳ್ಳುವ ದಾರಿ ನೋಡಿ. ಊರಿನವರ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ. ಮನೆ ಸಾಮಾನು ಇಳಿಸುವ ಮೊದಲು ಅದಕ್ಕೆ ಸೇರಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ದಿನಾ ಆನೆಗಳ ಹಿಂದೆ ತಿರುಗುತ್ತಾರೆ. ಕೆಲವು ಆನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ಇದೆ. ಎಲ್ಲಿದೆ ಅಂತ ಫೋನಿಗೆ ಸಂದೇಶ ಬರುತ್ತದೆ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮೊದಲು ಶುರುವಾದ ಪದ್ಧತಿ ಇದು, ನಮ್ಮ ಕಡೆಗೂ ಬಂತು. ನಿಮ್ಮ ಬೀಟ್ ಗಾರ್ಡ್ ಯಾರು ಅಂತ ಕೇಳಿ, ನಂಬರ್ ಕೊಡಿ, ತಗೊಳ್ಳಿ.

ಈ ಫೋನ್ ವಿಷಯದಲ್ಲಿ ನಾನೇ ಒಂದು ಸಲ ಕೆಟ್ಟೆ. ಆರು ವರ್ಷದ ಹಿಂದೆ, ಕಾರ್ತಿಕ ಮಾಸ. ಬೆಳಗ್ಗೆ ಆರೂಕಾಲು. ಹಾಲು ಡೈರಿಗೆ ಹಾಕಲು ಕ್ಯಾನ್ ಹಿಡಿದು ಹೊರಟೆ. ಮಂಜು ಕವಿದಿತ್ತು. ಫೋನ್ ಚಾರ್ಜಿಗಿಟ್ಟು ಬಂದಿದ್ದೆ. ಆಳುಗಳ ಲೈನ್ ಮನೆ ದಾಟಿದ ಮೇಲೆ ಒಂದು ವಾಸನೆ ಬಂತು. ಹಳೆ ಕೊಟ್ಟಿಗೆ ಮೇಲೆ ಮಳೆ ಬಿದ್ದರೆ ಬರುತ್ತದಲ್ಲ, ಹಾಗೆ. ಏನೂ ಕಾಣಲಿಲ್ಲ. ಸದ್ದೇ ಇಲ್ಲ. ನಮ್ಮ ಹುಡುಗರು ಹೇಳ್ತಾರೆ, ಆನೆ ಬಂದರೆ ಮರ ಮುರಿಯುವ ಸದ್ದು ಬರುತ್ತದೆ ಅಂತ. ತಿನ್ನುವಾಗ ಬರುತ್ತದೆ, ನಿಜ. ನಮ್ಮ ಸದ್ದು ಕೇಳಿ ಸುಮ್ಮನೆ ನಿಂತಿತು ಅಂದರೆ, ಅಷ್ಟು ದೊಡ್ಡ ಜೀವ ರೊಬಸ್ಟಾ ಗಿಡದ ಮರೆಯಲ್ಲಿ ಕರಗಿಯೇ ಹೋಗುತ್ತದೆ. ಬಲಗಡೆ ಒಂದು ಗಿಡ ಗಾಳಿಯಿಲ್ಲದೆ ಅಲ್ಲಾಡಿತು. ನೋಡಿದರೆ ಗಿಡವಲ್ಲ, ಕಿವಿ. ಕ್ಯಾನ್ ಅಲ್ಲೇ ಬಿಟ್ಟು ಹಿಂದೆ ಹಿಂದೆ ನಡೆದು ಲೈನ್ ಮನೆ ಸೇರಿದೆ. ಮನೆಗೆ ಬಂದು ಫೋನ್ ನೋಡಿದರೆ ಐದೂವರೆಗೇ ಸಂದೇಶ ಬಂದಿದೆ: ಎರಡು ಹೆಣ್ಣಾನೆ, ಒಂದು ಮರಿ, ನಮ್ಮ ತೋಟದ ಹೆಸರು ಹಾಕಿಯೇ. ಯಜಮಾನರು ಏನೂ ಬಯ್ಯಲಿಲ್ಲ. ಮರುದಿನದಿಂದ ಅವರೇ ಬೆಳಗ್ಗೆ ಎದ್ದು ಫೋನ್ ನೋಡಿ, ಆಮೇಲೆ ಕಾಫಿ ಕುಡೀತಾರೆ.

ಬೆಳಗ್ಗೆ ಬೆಳಕು ಹರಿಯುವ ಮುಂಚೆ, ಸಂಜೆ ಕತ್ತಲಾಗುವಾಗ ತೋಟದ ದಾರಿಯಲ್ಲಿ ಒಬ್ಬರೇ ಓಡಾಡಬೇಡಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಾಕಿಂಗ್ ಅಂತೂ ಬೇಡವೇ ಬೇಡ. ಎದುರಾದರೆ ಓಡಿ ಗೆಲ್ತೀವಿ ಅಂದುಕೊಳ್ಳಬೇಡಿ, ಅದು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ದೂರ ಇರುವಾಗಲೇ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವುದು, ಅಷ್ಟೇ. ಮರಿ ಜೊತೆಗಿದ್ದರೆ ಇನ್ನೂ ದೂರ.

ಅಕ್ಕಿ, ಉಪ್ಪಿನ ಮೂಟೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ನಡುಮನೆಯಲ್ಲಿಡಿ. ಭಟ್ಟಿ ಸಾರಾಯಿ ವಾಸನೆ, ಹುಳಿ ಬಂದ ಹಣ್ಣಿನ ವಾಸನೆಯೂ ಒಳ್ಳೆಯದಲ್ಲ. ಸೋಲಾರ್ ಬೇಲಿ, ಅಂದರೆ ನಮ್ಮ ಕಡೆ ಐಬೆಕ್ಸ್ ಅಂತಲೇ ಹೇಳೋದು, ಮನೆ ಸುತ್ತ ಮಾತ್ರ ಹಾಕಿಸಿ. ನಾಲ್ಕು ಎಕರೆಗೂ ಹಾಕಿದರೆ ಮಳೆಗಾಲದಲ್ಲಿ ಹಂಬು, ಹುಲ್ಲು ತಂತಿಗೆ ತಾಗಿ ಕರೆಂಟ್ ಎಲ್ಲ ನೆಲಕ್ಕೆ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಕಳೆ ತೆಗೆಯುವ ಆಳು ಎಲ್ಲಿ ಸಿಗ್ತಾರೆ ಈಗ? ಜಾಣ ಸಲಗ ದಂತದಲ್ಲಿ ತಂತಿ ಎತ್ತುತ್ತದೆ, ದಂತಕ್ಕೆ ಶಾಕ್ ಹೊಡೆಯೋಲ್ಲ. ಇನ್ನೊಂದು ಜಾತಿ ಇದೆ, ಒಣಮರ ಉರುಳಿಸಿ ಬೇಲಿ ಮಲಗಿಸುತ್ತದೆ. ಆದರೂ ಮನೆ ಸುತ್ತ ಇದ್ದರೆ ರಾತ್ರಿ ನಿದ್ದೆ ಬರುತ್ತದೆ. ಮನೆಯ ಮೇನ್ ಲೈನಿನಿಂದ ನೇರ ಕರೆಂಟ್ ಕೊಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಅವರ ಮಾತೇ ಕೇಳಬೇಡಿ. ಅದು ಅಪರಾಧ, ಮತ್ತೆ ಮೊದಲು ಸಾಯುವುದು ನಿಮ್ಮ ನಾಯಿ ಅಥವಾ ನಿಮ್ಮ ಆಳು.

ಬಾಗಿಲು ತಟ್ಟಿದವರ ಬಗ್ಗೆ ಆಮೇಲೆ ಬರೀತೀನಿ. ಒಲೆ ಮೇಲೆ ಹಾಲಿಟ್ಟಿದ್ದೀನಿ.

ಚಿಕ್ಕಮಗಳೂರಿನಿಂದ

ನಾವೂ ನಿಮ್ಮ ಹಾಗೇ ಹೋದವರು. ಹದಿನಾಲ್ಕು ತಿಂಗಳಿಗೆ ವಾಪಸ್ ಬಂದೆವು. ಆನೆಯಿಂದ ಅಲ್ಲ, ಚಿರತೆಯಿಂದ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮನೆಯಿಂದ ಕೆಲಸ ಅಂತ ಬಾಸ್‌ಗೆ ಹೇಳಿ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಮೀಟಿಂಗ್ ಮಾಡಿದೆ. ಒಂದು ಮಳೆಗಾಲ ಬಾಡಿಗೆ ಮನೆ ಬಿಡದೆ ಇದ್ದು ನೋಡಿ. ಇಷ್ಟೇ ನನ್ನ ಮಾತು.

ಆಗುಂಬೆ ಹತ್ತಿರದಿಂದ

ಮೇಲಿನವರು ಹೇಳಿದ್ದು ಸರಿ ಮಾರಾಯ್ರೆ. ನಮ್ಮಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಆನೆ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಹಾವಿನ ಬಗ್ಗೆ ಹೇಳ್ತೇನೆ.

ಸೌದೆ ಕೋಣೆಯಲ್ಲಿ ಪೊರೆ ಅಂದಿರಿ. ಬಹುಶಃ ಕೇರೆ ಹಾವು. ಇಲಿ ಇರುವಲ್ಲಿ ಕೇರೆ, ಕೇರೆ ಇರುವಲ್ಲಿ ಕಾಳಿಂಗ. ಕಾಳಿಂಗ ತಿನ್ನುವುದು ಹಾವುಗಳನ್ನೇ. ನಮ್ಮ ಬಚ್ಚಲು ಒಲೆ ಹಿಂದೆ ಒಂದು ಸಲ ಕೇರೆಯನ್ನು ಅಟ್ಟಿಸಿಕೊಂಡು ಕಾಳಿಂಗ ಒಳಗೆ ಬಂತು. ಹನ್ನೊಂದು ಅಡಿ ಇದ್ದೀತು. ಅಮ್ಮ ಸ್ನಾನಕ್ಕೆ ನೀರು ಕಾಸುತ್ತಿದ್ದರು. ಅವರು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡು, 'ಒಳಗೆ ದೊಡ್ಡೋರು ಬಂದಿದ್ದಾರೆ' ಅಂದರು. ಹಾವು ಹಿಡಿಯುವವರು ಬರುವವರೆಗೆ ಎರಡು ಗಂಟೆ ಬಚ್ಚಲ ಕಡೆ ಯಾರೂ ಹೋಗಲಿಲ್ಲ. ಅಷ್ಟೇ ಮಾಡಬೇಕಾದ್ದು. ದೂರದಿಂದ ಕಣ್ಣಿಟ್ಟಿರಿ, ಯಾವ ಸಂದಿಗೆ ಹೋಯಿತು ಅಂತ ನೋಡಿಕೊಳ್ಳಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅವರ ಸಹಾಯವಾಣಿ 1926. ಮೊಬೈಲ್‌ನಲ್ಲಿ ವಿಡಿಯೋ ಮಾಡಲು ಹತ್ತಿರ ಹೋಗುವ ತಮ್ಮಂದಿರನ್ನು ಮಾತ್ರ ಕಿವಿ ಹಿಡಿದು ಎಳೆದು ತನ್ನಿ. ಹಾವು ಅಷ್ಟು ಹೊತ್ತು ಸುಮ್ಮನಿರುತ್ತದೆ, ಇವರು ಇರೋಲ್ಲ.

ಬೇಸಿಗೆಯಲ್ಲಿ ತೋಟದ ಬಿದಿರು ಮೆಳೆ ಬುಡದಲ್ಲಿ ಎಲೆ ಗುಡ್ಡೆ ಹಾಕಿದ ಹಾಗೆ ಕಂಡರೆ ಕಾಲಲ್ಲಿ ಒದೆಯಬೇಡಿ. ಹೆಣ್ಣು ಕಾಳಿಂಗ ಎಲೆ ಗುಡ್ಡೆ ಮಾಡಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಅದೊಂದೇ. ಹೇಳಲು ಮರೆತೆ, 2024ರಲ್ಲಿ ವಿಜ್ಞಾನಿಗಳು ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ 'ಕಾಳಿಂಗ' ಅಂತಲೇ ಇಟ್ಟರು. ಅಮ್ಮನಿಗೆ ಹೇಳಿದರೆ, 'ಮತ್ತೆ ಇನ್ನೇನು ಇಡ್ತಾರೆ?' ಅಂದರು.

ನನಗೆ ಕಾಳಿಂಗದ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಕಟ್ಟುಹಾವಿನದು. ಅದು ರಾತ್ರಿ ಬರುತ್ತದೆ, ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ, ಎಷ್ಟೋ ಸಲ ನೋವೇ ಇರೋಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ಎಳೆಯುವುದು ಶುರುವಾದಾಗ ಯಾರೂ ಹಾವು ಅಂತ ಯೋಚನೆ ಮಾಡೋಲ್ಲ. ಹಾಗಾಗಿ ಮಗಳನ್ನು, ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆ ಹಾಸಿಗೆ ಅಡಿಗೆ ಸಿಕ್ಕಿಸಿ. ಕಾಫಿ ಗಿಡದಲ್ಲಿ, ಏಲಕ್ಕಿ ಬುಡದಲ್ಲಿ ಗುಳಿಮಂಡಲ ಸುತ್ತಿಕೊಂಡಿರುತ್ತದೆ, ಕೈ ಹಾಕುವ ಮೊದಲು ಕೋಲಿನಲ್ಲಿ ತಟ್ಟಿ. ನಮ್ಮ ದೇಶದಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಗುಳಿಮಂಡಲಕ್ಕಾಗಲಿ ಕಾಳಿಂಗಕ್ಕಾಗಲಿ ಮಾಡಿದ್ದಲ್ಲ. ಹಾಗಂತ ಯಾವ ಹಾವು ಅಂತ ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ನಾಟಿ ಔಷಧಿ ಅಂತ ಎರಡು ಗಂಟೆ ಕಳೆಯಬೇಡಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಹೊರಡಿ. ಯಾವ ಆಸ್ಪತ್ರೆಯಲ್ಲಿ ಔಷಧಿಯೂ ವೆಂಟಿಲೇಟರೂ ಇದೆ ಅಂತ ಈಗಲೇ, ಹಾವು ಬರುವ ಮೊದಲೇ, ವಿಚಾರಿಸಿಟ್ಟುಕೊಳ್ಳಿ. ನಮ್ಮ ದೊಡ್ಡಪ್ಪನ ಮಗನನ್ನು ಮೂರು ಕಡೆ ತಿರುಗಿಸಿ ನಾಲ್ಕನೇ ಕಡೆ ಸೇರಿಸಿದೆವು. ಬದುಕಿದ, ಆದರೆ ಒಂದು ಬೆರಳು ಹೋಯಿತು.

ಇಂಬಳದ, ಅಂದರೆ ಕಾಡುಜಿಗಣೆಯ, ಬಗ್ಗೆ ಯಾರೂ ಹೇಳಲಿಲ್ಲ. ಅದು ಕಾಟವೇ ಹೊರತು ಅಪಾಯ ಅಲ್ಲ. ಹೊಗೆಸೊಪ್ಪು, ಸುಣ್ಣ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಬಿಗಿದು, ಒದ್ದೆ ಮಾಡಿ ಬಾಗಿಲ ಪಕ್ಕ ಇಡಿ. ತಾಗಿಸಿದರೆ ಉದುರುತ್ತದೆ. ಉಣುಗು ಹಾಗಲ್ಲ. ಮಂಗನ ಕಾಯಿಲೆ ಕೇಳಿರ್ತೀರಿ, ಅದು ಬರುವುದು ಉಣುಗು ಕಚ್ಚಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ಜಾಸ್ತಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ದರಗು, ಅಂದರೆ ಒಣಎಲೆ, ಗುಡಿಸಲು ಹೋದವರಿಗೇ ಮೊದಲು ಬರುವುದು. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಚ್ಚಿಕೊಳ್ಳಲು ಅಲ್ಲಿ ಎಣ್ಣೆ ಕೊಡ್ತಾರೆ. ತೋಟದಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ನಾಯಿ ಮೈಯನ್ನೂ ನೋಡಿ.

ಯಸಳೂರು ಕಡೆಯಿಂದ, ನಿವೃತ್ತ ಫಾರೆಸ್ಟ್ ವಾಚರ್

ನಾಯಿ ಅಂದರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಸಂಜೆ ಆರಕ್ಕೆ ನಾಯಿ ಮನೆಯೊಳಗೆ. ಜಗಲಿಯಲ್ಲೂ ಅಲ್ಲ, ಒಳಗೆ. ಚಿರತೆ, ನಮ್ಮ ಹಳಬರು ಕುರ್ಕ ಅನ್ನೋರು, ಅದಕ್ಕೆ ಕಟ್ಟಿಹಾಕಿದ ನಾಯಿ ಅಂದರೆ ತಟ್ಟೆಯಲ್ಲಿ ಬಡಿಸಿಟ್ಟ ಊಟ. ಕೋಳಿಗೂಡು ಮನೆಗೆ ಅಂಟಿಕೊಂಡೇ ಇರಲಿ, ಮೇಲಕ್ಕೂ ಜಾಲರಿ ಹಾಕಿ. ಮಗು ಕತ್ತಲಾದ ಮೇಲೆ ಅಂಗಳಕ್ಕೆ ಒಬ್ಬಳೇ ಇಳಿಯಬಾರದು. ಇಷ್ಟು ಮಾಡಿದರೆ ಚಿರತೆ ಅದರ ಪಾಡಿಗೆ, ನೀವು ನಿಮ್ಮ ಪಾಡಿಗೆ. ಕಾಟಿ, ಅಂದರೆ ಕಾಡುಕೋಣ, ಒಂಟಿಯಾಗಿ ಸಿಕ್ಕಿದರೆ ದಾರಿ ಬಿಡಿ. ಹಸುವಿನ ಹಾಗೆ ಕಾಣುತ್ತದೆ ಅಂತ ಹಚಾ ಹಚಾ ಅನ್ನಬೇಡಿ. ಮಂಗ, ಹಂದಿ, ಮುಳ್ಳುಹಂದಿ ಮೂರೂ ಬೆಳೆಯ ಲೆಕ್ಕದಲ್ಲಿ ಬರುತ್ತವೆ, ಜೀವದ ಲೆಕ್ಕದಲ್ಲಿ ಅಷ್ಟಾಗಿ ಅಲ್ಲ. ಅದರಲ್ಲೂ ಮಂಗಕ್ಕೆ ಉಪಾಯ ಹೇಳಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಆನೆಗೆ ಪಟಾಕಿ ಹೊಡೆಯುವ ಸಾಹಸ ನಿಮಗೆ ಬೇಡ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ವಲಯದಲ್ಲೇ ಅರ್ಜುನ ಹೋದ. ಎಂಟು ಸಲ ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತ ಆನೆ. ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದು, ಆ ಕಾಡಾನೆ ಜೊತೆಯೇ ಕಾದಾಡಿ ಬಿದ್ದ. ಅಂಥ ಆನೆಗೇ ಆಗದ್ದು ನಮ್ಮ ಲಕ್ಷ್ಮಿ ಪಟಾಕಿಗೆ ಆಗುತ್ತದಾ? ನಾನು ಕೆಲಸದಲ್ಲಿದ್ದಾಗ ಪಟಾಕಿ ಹೊಡೆದು ಒಂದು ತೋಟದಿಂದ ಓಡಿಸಿದರೆ ಪಕ್ಕದ ತೋಟದವರು ಫೋನ್ ಮಾಡಿ ಬಯ್ಯೋರು. ಅಲ್ಲಿಂದ ಓಡಿಸಿದರೆ ಇವರು. ರಾತ್ರಿಯೆಲ್ಲ ಆನೆಯೂ ತಿರುಗಿತು, ನಾವೂ ತಿರುಗಿದೆವು.

ಇನ್ನೊಂದು ವಿಷಯ, ಯಾರೂ ಹೇಳೋಲ್ಲ. ಪಹಣಿ ಯಾರ ಹೆಸರಿನಲ್ಲಿದೆ? ಚಿಕ್ಕಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿ. ಆನೆ ಬಂದು ತೋಟ ತುಳಿದರೆ ಪರಿಹಾರದ ಅರ್ಜಿಗೆ ಪಹಣಿ ಬೇಕು, ಬ್ಯಾಂಕ್ ಪಾಸ್‌ಪುಸ್ತಕ ಬೇಕು, ಫೋಟೋ ಬೇಕು. ಬಿದ್ದ ಗಿಡ ತೆಗೆದು ಚೊಕ್ಕ ಮಾಡುವ ಮೊದಲು ಫೋಟೋ ತೆಗೆಯಿರಿ. ಹೆಜ್ಜೆ ಗುರುತೂ ಬರಲಿ. ಬರುವ ಹಣ ಗಿಡದ ಬೆಲೆಗೆ ಸಾಕಾಗೋಲ್ಲ, ಅದೂ ಹೇಳಿಬಿಡ್ತೀನಿ. ಹತ್ತು ವರ್ಷ ಸಾಕಿದ ಕಾಫಿ ಗಿಡ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಎರಡನ್ನೂ ಯಾವ ಕಾಗದ ವಾಪಸ್ ಕೊಡುತ್ತದೆ?

ಮತ್ತೆ ಆ ರಾತ್ರಿ ಬಂದವರು. ಏನೋ ಕೂಗಿದರು ಅಂದಿರಿ. ಕಳ್ಳ ಕೂಗೋಲ್ಲ ತಾಯಿ. ಪಕ್ಕದ ತೋಟದಲ್ಲಿ ಒಮ್ಮೆ ವಿಚಾರಿಸಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲಸಿನ ಮರ ಮೂರಿವೆ ಅಕ್ಕ, ಒಂದು ಅಡುಗೆಮನೆ ಕಿಟಕಿಗೇ ತಾಗಿದೆ. ಪಹಣಿ ಚಿಕ್ಕಪ್ಪನ ಹೆಸರಿನಲ್ಲೇ ಇದೆ. ಯಜಮಾನರಿಗೆ ಹೇಳಿದ್ದಕ್ಕೆ 'ಆನೆಗೆ ಪಹಣಿ ತೋರಿಸಬೇಕಾ?' ಅಂತ ನಕ್ಕರು. ನಾಡಕಚೇರಿಗೆ ನಾನೇ ಓಡ್ತೀನಿ. ಬಾಗಿಲು ತಟ್ಟುವವರ ಬಗ್ಗೆ ಇನ್ನೂ ಯಾರಾದರೂ ಹೇಳಿ.

ದೋಣಿಗಲ್ ಕಡೆಯಿಂದ

ನಮ್ಮ ಮನೆಗೆ ಬಂದಷ್ಟು ಕರೆಯದ ನೆಂಟರು ಯಾರ ಮನೆಗೂ ಬಂದಿರಲಿಕ್ಕಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ರೈಲು ಹಾದಿ ಗೊತ್ತಲ್ಲ, 57 ಸುರಂಗ ಇರುವುದು. ಅದರ ಮೇಲೆ ನಡೆಯಲು ಬರುವವರು ಒಂದು ಕಾಲಕ್ಕೆ ಹಿಂಡು ಹಿಂಡು. ರೈಲ್ವೆಯವರು ನಿಷೇಧ ಮಾಡಿದ್ದಾರೆ, ಆದರೂ ಕದ್ದು ಬರ್ತಾರೆ. ರಾತ್ರಿ ಒಂಬತ್ತಕ್ಕೆ ಐದು ಹುಡುಗರು ಅಂಗಳದಲ್ಲಿ. ಟಾರ್ಚ್ ಸತ್ತಿದೆ, ಕಾಲೆಲ್ಲ ಇಂಬಳ ಕಚ್ಚಿ ರಕ್ತ, ಒಬ್ಬ ಅಳ್ತಿದ್ದಾನೆ. ಬೀಗರ ಹಾಗೆ ಕೂರಿಸಿ ಗಂಜಿ, ಉಪ್ಪಿನಕಾಯಿ ಹಾಕಿದೆವು. ಬೆಳಗ್ಗೆ ಹೋಗುವಾಗ ಒಬ್ಬ 'ಅಂಕಲ್, ಎಷ್ಟಾಯ್ತು?' ಅಂತ ಕೇಳಿದ. ನನ್ನಪ್ಪ ಆ ಮಾತಿಗೆ ಮಧ್ಯಾಹ್ನದವರೆಗೆ ಸಿಟ್ಟಾಗಿದ್ದರು.

ಈಗಿನವರು ಮ್ಯಾಪ್ ನಂಬಿ ಬರುವವರು. ಅದಕ್ಕೆ ನಮ್ಮ ತೋಟದ ಜೀಪ್ ದಾರಿಯೂ ರಸ್ತೆಯೇ. ಜುಲೈನಲ್ಲಿ, ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ, ಮಂಗಳೂರಿಗೆ ಹೊರಟ ಕಾರು ನಮ್ಮ ಕಣದಲ್ಲಿ ಹೂತು ನಿಂತಿತ್ತು. ಒಳಗೆ ಗರ್ಭಿಣಿ ಹೆಂಗಸು. ಟ್ರ್ಯಾಕ್ಟರ್ ಕಟ್ಟಿ ಎಳೆಯುವ ಹೊತ್ತಿಗೆ ಬೆಳಗಾಯಿತು. ಅಂಥವರಿಗೆ ಬಾಗಿಲು ಹಾಕಲು ಆಗುತ್ತದಾ?

ಆದರೆ ಎಲ್ಲರಿಗೂ ತೆರೆಯಿರಿ ಅನ್ನೋಲ್ಲ. ಡಿಸೆಂಬರ್‌ನಿಂದ ಫೆಬ್ರವರಿ, ಕಾಫಿ ಕಣದಲ್ಲಿ ಒಣಗುವ ಕಾಲ. 2024ರಿಂದೀಚೆ ಬೆಲೆ ಏರಿದ ಮೇಲೆ ಕಾಫಿ ಚೀಲ, ಮೆಣಸಿನ ಚೀಲ ಎತ್ತಿಕೊಂಡು ಹೋಗುವವರು ಜಾಸ್ತಿ ಆಗಿದ್ದಾರೆ. ನಮ್ಮಲ್ಲೇ ಹನ್ನೊಂದು ಚೀಲ ಹೋಯಿತು. ಹಿಂದಿನ ದಿನ 'ನೀರು ಕೊಡಿ' ಅಂತ ಬಂದ ಇಬ್ಬರು ಕಣ ಎಲ್ಲಿದೆ ಅಂತ ನೋಡಿಕೊಂಡು ಹೋಗಿದ್ದರು ಅಂತ ಆಮೇಲೆ ಹೊಳೆಯಿತು. ಈಗ ನಮ್ಮ ಪದ್ಧತಿ ಹೀಗೆ: ಅಂಗಳದ ದೀಪ ಹಾಕುತ್ತೇವೆ, ಬಾಗಿಲು ತೆರೆಯದೆ ಕಿಟಕಿಯಿಂದ ಮಾತಾಡುತ್ತೇವೆ, ಯಾವ ಊರು, ಯಾರ ಕಡೆ ಅಂತ ಕೇಳುತ್ತೇವೆ. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಪಕ್ಕದ ಮನೆಗೆ ಫೋನ್ ಮಾಡಿರುತ್ತಾರೆ. ಗಾಡಿ ನಂಬರ್ ಬರೆದುಕೊಳ್ಳುತ್ತೇವೆ. ಗೇಟಿನ ಹತ್ತಿರದ ಹಳೆ ಶೆಡ್ಡಿನಲ್ಲಿ ಒಂದು ಬೆಂಚು, ಕೊಡದಲ್ಲಿ ನೀರು, ಬಲ್ಬು ಇಟ್ಟಿದ್ದೇವೆ. ಮಳೆಗೆ ನಿಲ್ಲುವವರು ಅಲ್ಲೇ ನಿಲ್ಲಲಿ.

ಶೃಂಗೇರಿ ಕಡೆಯಿಂದ

ನನ್ನದು ಹಳೆ ಕತೆ, 2005ರ ಸುಮಾರಿನದು. ಕಾಡೊಳಗಿನ ಮನೆ. ರಾತ್ರಿ ಎಂಟಕ್ಕೆ ಆರು ಜನ ಬಂದರು, ಬಂದೂಕು ಇತ್ತು. ಅಕ್ಕಿ, ಬೇಳೆ, ಬೆಂಕಿಪೊಟ್ಟಣ ಕೇಳಿದರು. 'ಅಮ್ಮಾ' ಅಂತಲೇ ಮಾತಾಡಿಸಿದರು. ಅಜ್ಜಿ ಕೊಟ್ಟಳು. ಕೊಡದೆ ಇರಲು ಧೈರ್ಯ ಬೇಕಲ್ಲ. ಮರುದಿನ ಪೊಲೀಸರು ಬಂದರು, 'ಯಾಕೆ ಕೊಟ್ಟಿರಿ?' ಅಂದರು. ಅಜ್ಜಿ, 'ನೀವೂ ಉಂಡೇ ಹೋಗಿ' ಅಂದಳು. ಎರಡು ವರ್ಷ ಹೀಗೆ ರಾತ್ರಿ ಒಬ್ಬರು, ಹಗಲು ಒಬ್ಬರು. ಮನೆಯಲ್ಲಿ ಅಕ್ಕಿ ಎಷ್ಟಿದೆ ಅಂತ ಲೆಕ್ಕ ಕೊಡಬೇಕಾದ ಕಾಲ ಅದು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿ ಮುಂದೆ ಶರಣಾದ ಸುದ್ದಿ ಟಿವಿಯಲ್ಲಿ ಬಂದಾಗ ಅಪ್ಪ ಊಟ ನಿಲ್ಲಿಸಿ ಮುಖ ಮುಖ ನೋಡುತ್ತಿದ್ದರು, ಗುರುತು ಸಿಗುತ್ತದಾ ಅಂತ. ನಿಮಗೆ ಈ ಕಾಟ ಇಲ್ಲ ಬಿಡಿ. ಆ ಕಾಲದಲ್ಲಿ ಬಾಗಿಲು ತೆರೆದರೂ ಕಷ್ಟ, ತೆರೆಯದಿದ್ದರೂ ಕಷ್ಟ ಆಗಿತ್ತು ಅಂತ ನೆನಪಾಯಿತು, ಬರೆದೆ.

ಹಾನುಬಾಳು ಕಡೆಯಿಂದ

ಆಮೇಲೆ ಬರೀತೀನಿ ಅಂದಿದ್ದೆ, ದೋಣಿಗಲ್‌ನವರು ಎಲ್ಲ ಬರೆದುಬಿಟ್ಟರು. ನನ್ನದೊಂದೇ ಮಾತು. ಹೋದ ಮೊದಲ ವಾರ ಸುತ್ತಲಿನ ಮನೆಗಳಿಗೆಲ್ಲ ಹೋಗಿ ಬನ್ನಿ. ಆಳುಗಳ ಲೈನ್ ಮನೆಗೂ. ಬರಿಗೈಲಿ ಬೇಡ, ಬೆಂಗಳೂರಿನಿಂದ ಏನಾದರೂ ತಿಂಡಿ ತಗೊಂಡು ಹೋಗಿ. ನಿಮ್ಮ ಮುಖ ಗೊತ್ತಿದ್ದರೆ ರಾತ್ರಿ ನಿಮ್ಮ ತೋಟದಲ್ಲಿ ಬೆಳಕು ಕಂಡಾಗ ಯಾರಾದರೂ ಫೋನ್ ಮಾಡಿ ಕೇಳ್ತಾರೆ. ಗೊತ್ತಿಲ್ಲದಿದ್ದರೆ ಮಲಗ್ತಾರೆ.

ಕೇಳಿದವರು (ಜೂನ್ ಕೊನೆ)

ಬಂದು ಆರು ವಾರ ಆಯಿತು. ಚಿಕ್ಕಮಗಳೂರಿನವರು ಹೇಳಿದ ಹಾಗೆ ಬಾಡಿಗೆ ಮನೆ ಇನ್ನೂ ಬಿಟ್ಟಿಲ್ಲ. ನೆಟ್‌ವರ್ಕ್ ಅಂಗಳದ ಮೂಲೆಯ ತೊಳೆಯುವ ಕಲ್ಲಿನ ಮೇಲೆ ಮಾತ್ರ ಸಿಗುತ್ತದೆ. ಇಡೀ ಆಫೀಸಿಗೆ ಈಗ ನಮ್ಮ ಮಳೆಯ ಸದ್ದು ಪರಿಚಯ.

ಮೈಸೂರುಪಾಕ್ ತಗೊಂಡು ಎಲ್ಲರ ಮನೆಗೂ ಹೋಗಿ ಬಂದೆವು. ಮುಕ್ಕಾಲು ಕಿಲೋಮೀಟರ್ ಆಚೆಯ ಮನೆಯ ಹಿರಿಯರು ನಮ್ಮನ್ನು ನೋಡಿದ ಕೂಡಲೇ ನಗಲು ಶುರು ಮಾಡಿದರು. ಅವತ್ತು ರಾತ್ರಿ ಬಂದವರು ಅವರೇ! ಸಲಗ ಒಂದು ನಮ್ಮ ತೋಟದ ಕೆರೆ ಹತ್ತಿರ ಇತ್ತಂತೆ. ಹೊಸಬರು, ಬೆಳಗ್ಗೆ ಬೇಗ ಎದ್ದು ಹೊರಗೆ ಬಂದುಬಿಡ್ತಾರೆ ಅಂತ ಹೇಳಲು, ಆ ಮಳೆಯಲ್ಲಿ, ಮಗನ ಜೊತೆ ಜೀಪಿನಲ್ಲಿ ಬಂದಿದ್ದರು. 'ಆನೆ ಇದೆ, ಎಂಟು ಗಂಟೆವರೆಗೆ ಇಳಿಯಬೇಡಿ' ಅಂತ ಕೂಗಿದ್ದು. ನಾವು ದೀಪ ಆರಿಸಿದ್ದು ನೋಡಿ, ಹೆದರಿದ್ದಾರೆ, ಹಾಗಾದರೆ ಇಳಿಯೋಲ್ಲ ಬಿಡು ಅಂತ ವಾಪಸ್ ಹೋದರಂತೆ. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ವಾಚರಣ್ಣ, ನೀವು ಹೇಳಿದ್ದೇ ಸರಿ.

ಹಲಸು ಎಲ್ಲ ಇಳಿಸಿದ್ದೆವು, ಒಂದನ್ನು ಬಿಟ್ಟು. ಅತ್ತೆಗೆ ಮರದಲ್ಲೇ ಹಣ್ಣಾದದ್ದು ಬೇಕಿತ್ತು. 'ಒಂದಕ್ಕೆ ಯಾವ ಆನೆ ಬರುತ್ತೆ?' ಅಂದರು. ಮೊನ್ನೆ ರಾತ್ರಿ ಎರಡು ಗಂಟೆಗೆ ಬಂತು. ಗುಂಪಿನಲ್ಲಿ ಸಂಜೆಯೇ ಸಂದೇಶ ಬಂದಿತ್ತು, ನಾಯಿ ಒಳಗಿತ್ತು, ನಾವೂ ಒಳಗಿದ್ದೆವು. ಅಡುಗೆಮನೆ ಹಂಚು ಹದಿನಾಲ್ಕು ಹೋಯಿತು, ಫೋಟೋ ತೆಗೆದಿದ್ದೇನೆ. ಪೌತಿ ಖಾತೆ ಇನ್ನೂ ಆಗಿಲ್ಲ.

ಅತ್ತೆ ಕಿಟಕಿಯಿಂದ ನೋಡಿದರಂತೆ. ಹಣ್ಣನ್ನು ಕಾಲಲ್ಲಿ ಮೆಲ್ಲಗೆ ಒತ್ತಿ ಬಿಡಿಸಿ ತಿಂದಿತಂತೆ. ಅದು ಬಕ್ಕೆ ಹಲಸಾ, ಬಿಳುವನಾ ಅಂತ ಅವರಿಗೆ ಈಗ ಚಿಂತೆ.

ಹಾನುಬಾಳು ಕಡೆಯಿಂದ

ಅಡುಗೆಮನೆ ಕಿಟಕಿಗೆ ತಾಗಿದ ಮರವಾ? ಬಕ್ಕೆಯೇ ಇರಬೇಕು. ಹಂಚು ಹೊದಿಸಲು ಹೆತ್ತೂರಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ, ನಂಬರ್ ನಿಮಗೆ ಬೇರೆ ಕಳಿಸ್ತೀನಿ. ಈಗಲೇ ಫೋನ್ ಮಾಡಿ, ಪುನರ್ವಸು ಮಳೆ ಹಿಡಿದರೆ ಅವನು ಮೇಲೆ ಹತ್ತೋಲ್ಲ.